ಹಿರೇ ಮಗನೋ, ಹಿರೇ ಹೆಂಡತಿ ಮಗನೋ

ಹಂಗಾದ್ರ ನೀವ ಹೇಳ್ರಿ ನೋಡೋಣು, ಒಂದು ಜೋಡಿ ಎತ್ತನ್ನ ಅಣ್ಣ ಒಂದು ತಮ್ಮ ಒಂದು ಅಂತ ಹಂಚಿಕೊಂಡರ ಮುಂದ ಏನಾಗಿರಬೇಕು? ಮಾರಿದ್ರು ಅಂತೀಯೇನು? ಅಲ್ಲ. ಆಳಿಗೆ ಕೊಟ್ರು? ಅದೂ ಅಲ್ಲ. ತಡೀರಿ, ಎತ್ತಿನಕಿಂತ ಮೊದಲ ನನ್ನ ಅಜ್ಜನ ಸುದ್ದಿ ಹೇಳಬೇಕು, ನಿಮಗ ಅಂವ ಏನಾಗಬೇಕೋ ನೀವ ಲೆಕ್ಕಾ ಹಾಕ್ಕೋರಿ. ತಾವರಗೇರಿ ಕಡೆ ನಮ್ಮೂರಾಗ ಅಜ್ಜ ಗೌಡ. ಗೌಡಕಿ ಅಂದ್ರ ಬರೇ ತಲಿಮ್ಯಾಲಿನ ರುಮಾಲಲ್ಲ, ಅದರ ಬೆನ್ನಿಗೆ ಇನಾಮು ಹೊಲ ಬರತಿತ್ತು, ಊರಾಗ ಏನ ಕಾರ್ಯ ಆಗಲಿ ಮೊದಲ ಎಲಿ ಅಡಕಿ ಬರತಿತ್ತು. ಅಜ್ಜನ ಹಿರೇ ಹೆಂಡತಿಗೆ, ಆಕಿಗೆ ನಾವು ದೊಡ್ಡಾಯಿ ಅಂತಿದ್ವಿ, ಭಾಳ ವರ್ಷ ಮಕ್ಕಳಾಗಲಿಲ್ಲ ನೋಡ್ರಿ. ಆಕಿನ ಕುಷ್ಟಗಿಗೆ ಹೋಗಿ ಹೆಣ್ಣು ನೋಡಿ ತಂದು ಗಂಡಗ ಎರಡನೇ ಲಗ್ನ ಮಾಡಿದ್ಲು. ಆ ಎರಡನೇ ಹೆಂಡತಿ ಸಣ್ಣಾಯಿ, ಆಕಿಗೆ ನಮ್ಮಪ್ಪ ಹುಟ್ಟಿದ. ನಮ್ಮಪ್ಪ ಇನ್ನೂ ಅಂಬೆಗಾಲು ಇಡೂದ್ರಾಗ ದೊಡ್ಡಾಯಿಗೂ ಬಸಿರು ನಿಂತು ಗಂಡಸುಮಗ ಹುಟ್ಟಿದ, ಅಂವ ನಮ್ಮ ಕಾಕಾ. ಈಗ ತಿಳೀತಿಲ್ಲೋ ತಂಟೆ? ಹಿರೇ ಮಗ ನಮ್ಮಪ್ಪ. ಹಿರೇ ಹೆಂಡತಿ ಮಗ ಕಾಕಾ. ಅಜ್ಜ ಇರೂತನಾ ಯಾರೂ ಇದನ್ನ ಕೇಳಲಿಲ್ಲ, ಅಜ್ಜ ಶಿವನ ಪಾದ ಸೇರಿದ ಮ್ಯಾಲೆ ರುಮಾಲು ಯಾರ ತಲಿಗೆ ಅಂತ ಸುರು ಆತು. ಊರ ಹಿರ್ಯಾರು ಕಟ್ಟಿಮ್ಯಾಲೆ ಕೂತು ಒಬ್ಬ 'ಮೊದಲ ಹುಟ್ಟಿದಾಂವ ಹಿರಿಯ' ಅಂದ, ಇನ್ನೊಬ್ಬ 'ಮೊದಲ ಹೊಸ್ತಿಲ ದಾಟಿದಾಕಿ ಮಗ ಹಿರಿಯ' ಅಂದ, ಮತ್ತೊಬ್ಬ ಹೂಂ ಹೂಂ ಅಂತ ಇಬ್ಬರಿಗೂ ತಲಿ ಅಲ್ಲಾಡಿಸಿದ. ಗೌಡಕಿ ತೀರ್ಮಾನ ಆಗಲಿಲ್ಲ, ಸಿಟ್ಟಿಲೆ ಉಳದದ್ದೆಲ್ಲಾ ಪಾಲಾತು. ತಾಯಿಗೊಂದು ಪಾಲಿನಂಗ ಹೊಲ ಅರ್ಧಾ ಅರ್ಧಾ, ಪಡಸಾಲಿ ನಡುವ ಗ್ವಾಡಿ. ಎತ್ತು, ಕೆಂದ ನಮಗ, ಮೈಲ ಕಾಕಾಗ.

ಅಡಗಿ ಮನ್ಯಾಗೂ ಗ್ವಾಡಿ ಏಳಬೇಕಿತ್ತು, ಆಯಿಗಳು ಬಿಡಲಿಲ್ಲ. 'ಜಗಳಾ ನಿಮ್ಮದು, ಒಲಿ ನಮ್ಮದು' ಅಂದ್ರು. ಆ ಸವತೇರು ಒಂದ ತಾಟಿನಾಗ ಉಣ್ಣೋರು, ಒಬ್ಬಾಕಿ ತಲಿ ಇನ್ನೊಬ್ಬಾಕಿ ಹಿಕ್ಕೋರು. ಮಕ್ಕಳು ಮಾತ್ರ ಬೆನ್ನಿಗೆ ಬೆನ್ನು ಹಚ್ಚಿ ಊಟಕ್ಕ ಕೂಡೋರು. ನಮ್ಮಪ್ಪ ಅಂತಿದ್ದ, 'ಯವ್ವಾ, ಆ ಮನಿಯವರ ಕಡೆ ಉಪ್ಪೈತೇನು ಕೇಳು.' ಕಾಕಾ ಅಂತಿದ್ದ, 'ಯವ್ವಾ, ಉಪ್ಪು ಹಿರೇತನದ ಜೋಡಿ ಬರತೈತಂತ ಹೇಳು.' ನಗಬ್ಯಾಡ್ರಿ, ನಮಗ ಜೀವಕ್ಕ ಬಂದಿತ್ತು. ನಾನು ಆಗ ಹೈದರಾಬಾದಿನಾಗ ಇಂಟರ್ ಓದತಿದ್ದೆ, ಸೂಟಿಗೆ ಬಂದಿದ್ದೆ. ರೋಹಿಣಿ ಮಳಿ ಛಲೋ ಆಗಿತ್ತು, ಮಿರಗದ ಮಳಿನೂ ಕೂಡಿತ್ತು, ಊರೆಲ್ಲಾ ಸಜ್ಜಿ ಬಿತ್ತಾಕ ಹತ್ತಿತ್ತು, ನಮ್ಮ ಎರಡೂ ಹೊಲ ಹಂಗ ಬಿದ್ದಿದ್ದವು. ಒಂಟಿ ಎತ್ತಿಗೆ ಕೂರಿಗಿ ಹೂಡಾಕ ಆಗತೈತೇನು? ಮುಯ್ಯಕ್ಕ ಎತ್ತು ಕೊಡ್ರಿ ಅಂದ್ರ ಊರಾಗ ಒಬ್ಬರೂ ಕೊಡಲಿಲ್ಲ, ಅಣ್ಣಗ ಕೊಟ್ಟರ ತಮ್ಮ ಗೌಡ ಆದಮ್ಯಾಲೆ ಏನ ಮಾಡತಾನೋ ಅಂತ ಅಂಜಿಕಿ. ಹಸಿ ಆರಿತಂದ್ರ ಆ ವರ್ಷ ಮನ್ಯಾಗ ರೊಟ್ಟಿ ಇಲ್ಲ, ನನ್ನ ಓದೂ ಅಲ್ಲಿಗೇ ನಿಂತಂಗ.

ಗಿರ್ದಾವರ ಸಾಹೇಬರು, ಅಂದ್ರ ಸರಕಾರದ ಕಂದಾಯ ನೋಡೋರು, ಎರಡು ಸಲ ಬಂದು ಇಬ್ಬರ ಮಾತೂ ಕೇಳಿದ್ರು. ಕಡೀಕ ಅಂದ್ರು, 'ಗೌಡರ, ನಿಮ್ಮ ತಾಯಂದಿರ ಲೆಕ್ಕ ಕೇಳಿ ಕೇಳಿ ನನ್ನ ದಾಡಿ ಬೆಳ್ಳಗಾತು. ಕಾರ ಹುಣ್ಣಿವಿಗೆ ಅಗಸ್ಯಾಗ ಕರಿ ಹರಿಯೋದು ಗೌಡನ ಎತ್ತಲ್ಲೇನು? ಯಾರ ಎತ್ತು ಹರೀತೈತೋ ಅವರ ಹೆಸರು ಬರಕೊಂಡು ಹೋಗತೀನಿ, ಬಸ್.' ಇಬ್ಬರಿಗೂ ಒಪ್ಪಿಗಿ ಆತು. ಅವತ್ತಿನಿಂದ ಮೈಲಗ ಬೆಲ್ಲಾ ಏನು, ಕೆಂದಗ ನೆನಿಸಿದ ಹುರಳಿ ಏನು, ನಾವು ಮನುಷ್ಯಾರು ಅಂಬಲಿ ಕುಡಿದ್ವಿ.

ಹುಣ್ಣಿವಿ ದಿನ ಊರಬಾಗಲ ಅಗಸಿಗೆ ಹಗ್ಗಾ ಕಟ್ಟಿ ಬೇವಿನ ತೊಪ್ಪಲಾ ಇಳಿಬಿಟ್ಟಿದ್ರು, ಅದ ಕರಿ. ಎತ್ತು ಓಡಿ ಬಂದು ಅದನ್ನ ಹರಕೊಂಡು ದಾಟಬೇಕು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ಕೆಂದನ ಹಗ್ಗಾ ನನ್ನ ಕೈಯಾಗ, ಮೈಲನ ಹಗ್ಗಾ ಕಾಕಾನ ಕೈಯಾಗ. ಹಲಗಿ ಬಡದ್ರು, ಓಡಿದ್ವಿ. ಅಂದ್ರ ನಾನು ಓಡಿದೆ, ಕಾಕಾ ಓಡಿದ. ಎತ್ತುಗಳು ಒಂದನ್ನೊಂದು ನೋಡಿದ್ವು ನೋಡ್ರಿ, ಕೆಂದ ಸರದು ಎಡಕ್ಕ ಬಂತು, ಮೈಲ ಸರದು ಬಲಕ್ಕ ಬಂತು, ಕೂರಿಗಿಗೆ ಹೂಡಿದಾಗ ಹೆಂಗೋ ಹಂಗ. ಮೈಗೆ ಮೈ ಹಚ್ಚಿ, ಹದವಾಗಿ, ಒಂದ ಹೆಜ್ಜಿ ಹಿಂದಿಲ್ಲ ಒಂದ ಹೆಜ್ಜಿ ಮುಂದಿಲ್ಲ, ನಡಕೋತ ಹ್ವಾದವು. ಕರಿ ತನಾ ಹೋಗಿ ಸಾಲು ಮುಗೀತಂತ ತಿಳಕೊಂಡವೋ ಏನೋ, ಬದುವಿನ್ಯಾಗ ತಿರುಗಿದಂಗ ತಿರುಗಿ ವಾಪಸ್ ಬಂದವು, ನಮ್ಮಿಬ್ಬರನ್ನೂ ಎಳಕೊಂಡ. ಕರಿ ಹಂಗ ಜೋತಾಡಾಕ ಹತ್ತಿತ್ತು. ಮಂದಿ ನಕ್ಕು ನಕ್ಕು ಅಲ್ಲೇ ಕೂತರು.

ಸಾಹೇಬರೂ ಕಣ್ಣು ಒರಸಿಕೊಂಡು ಅಂದ್ರು, 'ಇರಲಿ. ಗೌಡ ಯಾರ ಆಗಲಿ, ಒಂದ ಮಾತು ಕೇಳಿಕೊಳ್ರಿ. ಲಡಾಯಿ ನಡದೈತಿ, ದಂಡಿಗಂತ ಸರಕಾರ ಮನಿಗಿಷ್ಟು ಲೇವಿ ಜೋಳ ಕೇಳೈತಿ. ಮನಿ ಮನಿಗೆ ಹೋಗಿ ನೆಲದಾಗಿನ ಹಗೇವು ತಗಸಿ ಜೋಳ ಅಳದು ಕೊಡಸೋದು ಗೌಡನ ಕೆಲಸ. ಮೊದಲ ತನ್ನ ಮನೀದು. ಕಮ್ಮಿ ಬಿದ್ದರ ಅವನ ತುಂಬಬೇಕು. ಈಗ ಹೇಳ್ರಿ, ಗೌಡ ಯಾರು?' ನಮ್ಮಪ್ಪ ಕೆಮ್ಮಿದ. 'ಖರೆ ಹೇಳಬೇಕಂದ್ರ ಸಾಹೇಬ್ರ, ಹಿರೇ ಹೆಂಡತಿ ಮಗನ ಹಿರಿಯ. ಧರ್ಮ ಅದ.' ಕಾಕಾ ಹೌಹಾರಿದ. 'ಎಲ್ಲಿ ಧರ್ಮರಿ? ಮೊದಲ ಹುಟ್ಟಿದಾಂವ ಅಣ್ಣ. ಅಣ್ಣ ಇರೂ ಮುಂದ ನಾ ರುಮಾಲು ಮುಟ್ಟೇನೇನು?' ಅಜ್ಜ ಸತ್ತ ಮ್ಯಾಲೆ ಕಾಕಾನ ಬಾಯಾಗ 'ಅಣ್ಣ' ಅನ್ನೋ ಮಾತು ಬಂದದ್ದು ಅದ ಮೊದಲು. 'ನೀ ಆಗಪಾ.' 'ನೀ ಆಗಣ್ಣ.' ಸಾಹೇಬರು ಒಮ್ಮೆ ಇವನ ಮಾರಿ ಒಮ್ಮೆ ಅವನ ಮಾರಿ ನೋಡಿ, 'ನಿನ್ನೆ ತನಾ ಇದ್ದ ತಾಯಂದಿರು ಅವರ ಅದಾರೋ ಬದಲಿ ಆಗ್ಯಾರೋ?' ಅಂತ ಕೇಳಿದ್ರು.

ಅಷ್ಟೊತ್ತಿಗೆ ಆ ತಾಯಂದಿರ ಬಂದ್ರಲ್ಲ, ಮನಿಯಿಂದ ನೊಗಾ ಹೊತಗೊಂಡು, ಈ ತುದಿಗೆ ದೊಡ್ಡಾಯಿ ಆ ತುದಿಗೆ ಸಣ್ಣಾಯಿ. ಧಪ್ಪಂತ ಇಬ್ಬರ ಕಾಲಮುಂದ ಇಟ್ಟು ದೊಡ್ಡಾಯಿ ಅಂದ್ಲು, 'ಗೌಡಕಿ ವರ್ಷಕ್ಕೊಬ್ಬರು ಸರದಿಲೆ ಮಾಡ್ರಿ. ಎತ್ತು ಮಾತ್ರ ನಾಳಿಂದ ಒಂದ ಗ್ವಾದಲ್ಯಾಗ ಮೇಯತಾವು. ನಸಿಕಿಲೆ ಕೂರಿಗಿ ಹೊಲಕ್ಕ ಬೀಳಲಿಲ್ಲಂದ್ರ ಒಲಿಗೆ ನೀರ ಹಾಕತೀವಿ.' ಮೊದಲನೇ ಸರದಿ ಯಾರದು ಅಂತ ಸಾಹೇಬರು ಕೇಳಿದ್ರು. ಸಣ್ಣಾಯಿ, ನಮ್ಮಪ್ಪನ ಹಡದಾಕಿ, ಸೆರಗು ಸರಿ ಮಾಡಿಕೊಂಡು, 'ನನ್ನ ಮಗ ಮೊದಲ ಹುಟ್ಟ್ಯಾನ್ರಿ, ಊರ ಬೈಗಳಾನೂ ಅಂವನ ಮೊದಲ ತಿನ್ನಲಿ' ಅಂದ್ಲು.

ಮರುದಿನ ಮೊದಲ ಕಾಕಾನ ಹೊಲ ಬಿತ್ತಿದ್ವಿ, ಆಮ್ಯಾಲೆ ನಮ್ಮದು. ಆ ವರ್ಷ ನಮ್ಮಪ್ಪ ಗೌಡನಾಗಿ ತಿಂದ ಬೈಗಳಾ ನಾ ಹೇಳೂದಿಲ್ಲ, ಹೆಣ್ಣುಮಕ್ಕಳು ಕೂತಾರ. ಇಷ್ಟ ತಿಳಕೊಳ್ರಿ, ದೊಡ್ಡಸ್ತಿಕಿ ಕೇಳಾಕ ಹೋಗೂ ಮುಂದ ಅದರ ದುಡಿಮಿ ಎಷ್ಟೈತಿ ಅಂತ ಕೇಳಿಕೊಂಡು ಹೋಗ್ರಿ. ಅಗಸಿ ಮುಂದಿನ ಈ ಪಂಚಾಯ್ತಿ ಆಗಿದ್ದು ಕಾರ ಹುಣ್ಣಿವಿ ಸೋಮವಾರ, ಇಳಿಹೊತ್ತಿನ್ಯಾಗ.