ಅಮ್ಮನೋರ ಮೂಗು

"ನೀರಲ್ಲೇ ತಾನೇ ತೊಳೆದಿದ್ದು ದೊಡ್ಡಮ್ಮ, ಉಳಿ ಹಿಡಿದ್ನಾ?"

ಹಲಸೂರಿನ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ನೌರೀನ್ ತಲೆಯೆತ್ತಿದಳು. ಪಕ್ಕದಲ್ಲಿ ನಿಂತಿದ್ದ, ಕಾರು ತೊಳೆಯುವ ಅಂಗಡಿಯ ಮಾಲೀಕನೊಬ್ಬ ತನ್ನ ದೊಡ್ಡಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದ.

"ಕಾರು ತೊಳೆಯೋಕೆ ಹಿಡಿಯೋ ನೀರಿನ ಗನ್ನು ಮನೆದೇವ್ರ ಮುಖಕ್ಕೆ ಹಿಡಿದ್ಯಲ್ಲೋ ಮುರಳಿ. ಮೂಗೇ ಸವೆದು ಹೋಯ್ತು."

"ಎಣ್ಣೆಜಿಡ್ಡು ಬಿಡ್ಲಿಲ್ಲ. ಚೂರು ಹತ್ತಿರ ಹಿಡಿದೆ."

"ಹತ್ತಿರ ಹಿಡಿದ್ರೆ ಪೇಂಟ್ ಕಿತ್ತು ಬರುತ್ತೆ ಅಂತ ಕೆಲಸದವ್ರಿಗೆ ಬೈತೀಯ. ಅಮ್ಮನೋರು ಕಾರಿಗಿಂತ ಕಡೆನಾ?"

"ಅಷ್ಟು ಮೆತ್ತನೆ ಕಲ್ಲು ಅಂತ ನಂಗೇನ್ ಗೊತ್ತು? ಶಿಲ್ಪಿ ಹತ್ರ ಹೊಸ ಮೂಗು ಮಾಡಿಸ್ತೀನಿ ಬಿಡಿ."

"ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಕಣೋ. ನೀನು ಜಿಡ್ಡು ಅಂದಿದ್ದು, ಈ ಮನೆಗೆ ಸೊಸೆಯಾಗಿ ಬಂದಾಗಿಂದ ನಾನು ಹಚ್ಚಿದ ಎಣ್ಣೆ. ನಾಳೆಯಿಂದ ಯಾರಿಗೆ ಹಚ್ಲಿ, ನಿನ್ ತಲೆಗಾ?"

ಬಸ್ಸು ಬಂತು, ಮೂವರೂ ಹತ್ತಿದರು. ದೊಡ್ಡಮ್ಮ ಕಿಟಕಿ ಪಕ್ಕ ಕೂತರು. ಮುರಳಿ ಕೂರಲು ಬಾಗುವಷ್ಟರಲ್ಲಿ, ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಟ್ಟುಬಿಟ್ಟರು.