ಛಾಪಾ ಇಲ್ಲದ ಬೀಗತಿ ಸೀರಿ

...ಬಿಚ್ಚಬ್ಯಾಡ್ರಿ ಸೋನಾಬಾಯಾರ, ಬಿಚ್ಚಬ್ಯಾಡ್ರಿ. ಮಡಿಚಿದ್ದು ಮಡಿಚಿದಂಗ ಇರ್ಲಿ. ತುದಿ ಒಂದೀಟ ಹೊರಗ ತಗೀರಿ, ಸಾಕು. ಹಾಂ... ಇಲ್ಲ. ಆ ಕಡಿ ತುದಿ? ಅಲ್ಲೂ ಇಲ್ಲ. ನೋಡ್ರಿ, ನಾ ಅಂದ್ಕೊಂಡಂಗಽ ಆತು. ಛಾಪಾ ಇಲ್ಲ. ಬಂಗಾರ ಬಣ್ಣದ ಕಾಗದಿಲ್ಲ, ಕಂಪನಿ ಹೆಸರಿಲ್ಲ, ನವಿಲಿಲ್ಲ, ಏನೂ ಇಲ್ಲ. ತಿರಗಿ ಗಂಟ ಕಟ್ಟಿಬಿಡ್ರಿ. ಛಾಪಾ ಇಲ್ಲದ ಸೀರಿ ಬಿಚ್ಚಿ ಏನ ನೋಡೂದು?

ಯಾಕ್ರಿ, ಮಾರಿ ಸಣ್ಣ ಮಾಡಿದ್ರಿ? ಚಹಾ ಕುಡೀರಿ, ಆರತದ. ಬೋರಾಮಣಿಯಿಂದ ಇಲ್ಲೀತನ ಇಂಥಾ ಬಿಸಲಾಗ ಗಾಡಿ ಹೂಡಿಸ್ಕೊಂಡ ಬಂದೀರಿ. ನಾ ಏನ ನಿಮ್ಮ ಮಗಳನ್ನ ಒಲ್ಲೆ ಅನ್ನಾಕತ್ತಿಲ್ಲ. ದ್ರೌಪದಿ ಚಲೋ ಹುಡುಗಿ. ಸಾಕರಪುಡಾ ಆಗಿ ಮಾತ ಗಟ್ಟಿ ಆಗೇದ, ಮದಿವಿ ತಿಥಿ ತಗದಾರ, ನಮ್ಮ ಕಲ್ಯಾಣಪ್ಪಗೂ ಹುಡುಗಿ ಮನಸಿಗಿ ಬಂದಾಳ. ಆದ್ರ ಬೀಗತಿ ಸೀರಿ ಅಂದ್ರ ಏನ್ ಸಣ್ಣ ಮಾತೇನ್ರಿ? ಹೆಣ್ಣಿನವ್ರು ಗಂಡಿನ ತಾಯಿಗಿ ಹಂದರದಾಗ ನಿಲ್ಲಿಸಿ, ಊರ ಮಂದಿ ಎದುರಿಗಿ ಕೊಡೂ ಸೀರಿ. ಮದಿವಿ ಮರತಹೋಗತದ, ಆ ಸೀರಿ ಮರಿಯೂದಿಲ್ಲ. ಮೂವತ್ತ ವರ್ಷ ಆದ ಮ್ಯಾಲೂ ಹೇಳತಾರ, ಇಂಥಾಕಿಗಿ ಇಂಥಾ ಸೀರಿ ಬಂದಿತ್ತು ಅಂತ.

ಗಟ್ಟಿ ಅದ ಅಂತೀರೇನು, ಮುಟ್ಟಿ ತೋರಸಾಕತ್ತೀರಿ? ಗಟ್ಟಿ ಇರ್ಲಿ ಬಿಡ್ರಿ. ಗೋಣಿಚೀಲನೂ ಗಟ್ಟಿ ಇರತದ.

ಕೇಳ್ರಿ ಇಲ್ಲೆ. ನೀವು ಹೊಲಾ ಮನಿ ಇದ್ದ ಮಂದಿ, ಜೋಳಾ ಮುರದ ನೋಡಿ ಕಾಳ ಹೆಂಗ ಅದ ಅಂತ ಹೇಳತೀರಿ. ನಾವು ಸೊಲ್ಲಾಪುರದ ದುಕಾನದವ್ರು. ಇಲ್ಲಿ ಯಾರೂ ಕಾಳ ನೋಡೂದಿಲ್ಲ, ಚೀಲದ ಮ್ಯಾಲಿನ ಗುರತ ನೋಡತಾರ. ಇಂಥಾ ಸೀರಿ ಇಲ್ಲಿ ಮಗ್ಗದವನ ಮನ್ಯಾಗ ಒಂಬತ್ತ ರೂಪಾಯಿಗಿ ಸಿಗತದ. ಅದಽ ಸೀರಿಗಿ ಎರಡು ನವಿಲಿನ ಛಾಪಾ ಬಿತ್ತಂದ್ರ ಐವತ್ತೆಂಟ. ಉಳದ ನಾಲ್ವತ್ತೊಂಬತ್ತ ಯಾತಕ್ಕ ಅಂತ ಕೇಳಬೇಕಂತ ಮಾಡೀರಿ, ನಿಮ್ಮ ಕಣ್ಣಾಗಽ ಕಾಣತದ. ನೂಲು ಮೈಗಿ, ಛಾಪಾ ಮಂದಿಗಿ! ಮೈಗಿ ಒಂಬತ್ತ ಸಾಕು. ಮಂದಿ ಬಾಯಿ ಮುಚ್ಚಾಕ ನಾಲ್ವತ್ತೊಂಬತ್ತ ಏನ ಹೆಚ್ಚಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಹಿರಿಯರು ಸುಮ್ಮನ ಅಂದಾರೇನು?

ಈ ಊರಾಗ ಗಂಡಸರು ಹೊಸಾ ರುಮಾಲ ತಂದ್ರ ಛಾಪಾ ಹಣಿ ಮ್ಯಾಲ ಬರೂ ಹಂಗ ಸುತ್ತಕೋತಾರ, ನಿಮಗ ಗೊತ್ತದೇನು? ನಮ್ಮ ಮನಿಯವ್ರು ಹಂಗಽ ಸುತಗೊಂಡ ಪ್ಯಾಟಿಗಿ ಹೋದ್ರು ಒಮ್ಮೆ. ಹಾದ್ಯಾಗ ಮಳಿ ಹಿಡೀತು. ತಿರಗಿ ಮನಿಗಿ ಬಂದಾಗ ಛಾಪಾದ ಶಾಯಿ ಇಳದು ಹಣಿ ನೀಲಿ, ಮೂಗ ನೀಲಿ, ಮೀಸಿ ಸುದ್ದಾ ನೀಲಿ. ಆದ್ರೂ ಅವ್ರಿಗಿ ಸಿಟ್ಟಿಲ್ಲ! ಪ್ಯಾಟಿ ತುಂಬ ಎಲ್ಲಾರೂ ನೋಡಿದ್ರು ಅಂತ ಖುಷಿ. ಮತ್ತ ಅವ್ರ ಸ್ವಾದರಮಾವ, ಮುದಕಾ, ಧೋತರ ಉಟ್ಟ ಅಕ್ಕಲಕೋಟಕ್ಕ ಹೋಗಿದ್ದ. ಹಿಂದ, ಕುಂದ್ರೂ ಜಾಗಾದ ಮ್ಯಾಲ, ಇಷ್ಟ ದೊಡ್ಡ ಅಕ್ಷರದಾಗ "ಹತ್ತು ಗಜ, ಒಂದನೇ ನಂಬರ" ಅಂತ! ಹಿಂದ ಬಂದವ್ರೆಲ್ಲಾ ಓದಕೋತಽ ಬಂದ್ರಂತ.

ನಗ್ರಿ, ನಗ್ರಿ. ನಾನೂ ನಗತಿದ್ದೆ ಆವಾಗ. ನನ್ನ ಮ್ಯಾಲ ಬರೂತನ ನಗತಿದ್ದೆ.

ನಮ್ಮ ನೆಗೆಣ್ಣಿ ಕಸ್ತೂರಬಾಯಿನ್ನ ನೋಡೀರಲ್ಲ, ಸಾಕರಪುಡಾದಾಗ ನಡುಮನ್ಯಾಗ ಕಂಬಕ್ಕಾತು ಕುಂತಿದ್ಲು? ಆಕೀ ಮಗನ ಮದಿವಿ ಹ್ವಾದ ವರ್ಷ ಆತು. ಬೀಗರು ಎರಡು ನವಿಲಿನ ಛಾಪಾದ ಸೀರಿ ತಂದ್ರು. ಛಾಪಾ ಕೀಳಲಿಲ್ಲ ಆಕಿ. ಎದಿ ಮ್ಯಾಲ ಬರೂ ಹಂಗ ಸೆರಗ ಹೊತ್ತು ಮೂರ ದಿವಸ ಅಡ್ಡಾಡಿದ್ಲು. ನೀರ ಬಡಸೂಮುಂದ ಎದಿ ಮ್ಯಾಲ ನವಿಲು, ಅಕ್ಕಿಕಾಳ ಹಾಕೂಮುಂದ ನವಿಲು. ಅಷ್ಟಽ ಆಗಿದ್ರ ನಾ ಸುಮ್ಮನಿರತಿದ್ದೆ. ಊಟಕ್ಕ ಕುಂತಾಗ ಎಲ್ಲಾರ ಎದುರಿಗಿ ನನ್ನ ಸೆರಗಿನ ತುದಿ ಎತ್ತಿ, ತಿರವಿ ಮುರವಿ ನೋಡಿ, "ಅಕ್ಕಾ, ನಿಮ್ಮ ಸೀರಿಗಿ ಹೆಸರಿಲ್ಲೇನು?" ಅಂದ್ಲು.

ಹೆಂಗಸರೆಲ್ಲಾ ನಕ್ಕರು. ಆಕೀ ಮದಿವಿಗಿ ಸೀರಿ ತಂದುಕೊಟ್ಟಾಕಿ ನಾನು, ಹಡದಾಗ ಬಾಣಂತನ ಮಾಡಿದಾಕಿ ನಾನು. ಆಕೀ ಕೈಲೆ ಹಂಗ ಅನಿಸ್ಕೊಂಡೆ. ಈಗ ಹಂದರದಾಗ ನೀವು ನನಗ ಈ ಹೆಸರಿಲ್ಲದ ಸೀರಿ ಕೊಟ್ರ ಮೊದಲಿಗಿ ಕೈ ಹಾಕಿ ತುದಿ ಹುಡಕಾಕಿ ಯಾರು? ಆಕೀನಽ. ಅದಕ್ಕಽ ಹೇಳಾಕತ್ತೀನಿ, ಛಾಪಾದ ಸೀರಿ ತರ್ರಿ. ಇಲ್ಲಾಂದ್ರ ತಿಥಿ ಮುಂದಕ್ಕ ಹಾಕೂಣು. ಮುಂದಕ್ಕ ಹೋದ ತಿಥಿ ತಿರಗಿ ಬರತದೋ ಇಲ್ಲೋ, ನನಗ ಗೊತ್ತಿಲ್ಲ.

ಇದನ್ನ ನೋಡಾಕತ್ತೀರೇನು? ನಾ ಉಟ್ಟದ್ದು? ಆವಾಗಿಂದ ನಿಮ್ಮ ಕಣ್ಣು ಇಲ್ಲೇ ಅದ ಅಂತ ನನಗ ಗೊತ್ತದ. ಮುಟ್ಟಿ ನೋಡ್ರಿ, ಸವೀಯೂದಿಲ್ಲ. ಛಾಪಾದ ಸೀರಿ ಅಂದ್ರ ಇದು. ನವಿಲು ಕಾಣತಾವಲ್ಲ, ಜೋಡಿ? ನನಗ ಓದಾಕ ಬರೂದಿಲ್ಲ, ನವಿಲ ಗುರತ ಹಿಡಿತೀನಿ. ಐವತ್ತೆಂಟ ರೂಪಾಯಿ, ಮುಂಬೈ ದುಕಾನದ್ದು. ಉಳ್ಳಾಗಡ್ಡಿ ಸಿಪ್ಪಿ ಬಣ್ಣ, ಗಿಣಿ ಹಸರ ದಡಿ. ನಿಮ್ಮ ಹಳ್ಳ್ಯಾಗ ಇಂಥಾ ಬಣ್ಣ ಕಾಣಿಸ್ಕೋತಾವೇನು? ದಸರಾದಿಂದ ಉಡಾಕತ್ತೀನಿ, ಒಮ್ಮೆರೆ ನೀರಿಗಿ ಹಾಕಿಲ್ಲ. ಒಗದ್ರ ಛಾಪಾ ಬಿಟ್ಟು ಬರತದ.

ಏನ ಮೂಸಾಕತ್ತೀರಿ? ಕರ್ಪೂರದ ವಾಸನಿ?... ಹೌದ್ರಿ. ಮುಂಬೈ ದುಕಾನದಾಗ ಮಾಲಿನಾಗ ಕರ್ಪೂರ ಹಾಕಿಟ್ಟಿರತಾರ, ಹುಳಾ ಹತ್ತಬಾರದಂತ. ಇಲ್ಲೆ ಕೆಂಪಗ ಕಾಣೂದಾ? ಕುಂಕಮ ಅದು. ಮುತ್ತೈದಿ ಸೀರಿಗಿ ಕುಂಕಮ ಹತ್ತೂದು ಏನ ದೊಡ್ಡ ಮಾತು?

ಸಾಕ ಬಿಡ್ರಿ ಈಗ. ಸೋನಾಬಾಯಾರ, ಸೆರಗ ಬಿಡ್ರಿ. ಹಂಗ ಜಗ್ಗಬ್ಯಾಡ್ರಿ. ಏನ, ಮನಸ ಬಂತೇನು? ಇಷ್ಟೊತ್ತ ಛಾಪಾ ಯಾತಕ್ಕ ಅಂತಿದ್ದ ಮಾರಿ... ಅಲ್ಲ, ಗಂಟ ಯಾಕ ಬಿಚ್ಚಾಕತ್ತೀರಿ? ನಾ ಬ್ಯಾಡಂದ್ನಲ್ಲ. ನೋಡಾಕ ಏನೂ ಇಲ್ಲ ಅದರಾಗ, ಛಾಪಾ ಇಲ್ಲದ್ದು...

...

ಇದು... ಇದೇನ್ರಿ?

ನಾ ಉಟ್ಟ ಸೀರಿದಽ ಬಣ್ಣ. ಅದಽ ದಡಿ. ದಡಿ ಒಳಗಿನ ಕೆಂಪು ಎಳಿ ಸುದ್ದಾ ಅಲ್ಲೇ, ಅದಽ ಜಾಗಾದಾಗ. ಆವಾಗ ತುದ್ಯಾಗ ಛಾಪಾ ಅಷ್ಟಽ ಹುಡಕಿದೆ, ಬಣ್ಣ ನೋಡಲಿಲ್ಲ ನಾ.

ಅಂದ್ರ... ಮುಂಬೈದವ್ರು ನಿಮ್ಮ ನೇಕಾರನ ಕಡಿಂದಽ ತರಿಸಿರಬೇಕು. ಹೌದಲ್ಲ? ಈಗ ಎಲ್ಲಾ ಹಂಗಽ ನಡದದ. ಇಲ್ಲೇ ನೇಯಸ್ತಾರ, ಅಲ್ಲಿ ಛಾಪಾ ಹೊಡಿತಾರ, ತಿರಗಿ ಇಲ್ಲೇ ತಂದು ಮಾರತಾರ. ಹಂಗಾಗಿ ಒಂದಕ್ಕೊಂದು... ಯಾಕ ಹಂಗ ನೋಡಾಕತ್ತೀರಿ? ಎರಡೂ ಸೆರಗ ಯಾಕ ಜೋಡಸಾಕತ್ತೀರಿ?

ಬಿಡ್ರಿ, ನಾನೂ ದುಕಾನದವನ ಹೆಂಡತಿ. ಮಗ್ಗದವ್ರು ಒಂದ ಸೀರಿ ಸಲುವಾಗಿ ಮಗ್ಗಕ್ಕ ಹಾಸು ನೂಲ ಹೂಡೂದಿಲ್ಲ ಅಂತ ನನಗ ಗೊತ್ತದ. ಒಂದ ಹಾಸಿನ್ಯಾಗ ಎರಡರೆ ಇಳಸಬೇಕು. ನೀವು ಎರಡು ನೇಯಿಸೀರಿ. ಒಂದು ಇದು, ನಿಮ್ಮ ತೊಡಿ ಮ್ಯಾಲಿಂದು. ಇನ್ನೊಂದು...

ನಿಮ್ಮ ತವರಮನಿ ಕುರನೂರ. ಅದು ನನಗ ಸಾಕರಪುಡಾದ ದಿವಸಽ ಗೊತ್ತಾತು, ಆದ್ರ ನನ್ನ ತಲ್ಯಾಗ ಹೊಳೀಲಿಲ್ಲ. ಅಲ್ಲಿ ದೇವಿಗಿ ಉಡಿ ತುಂಬಿ ಏರಿಸಿದ ಸೀರಿ, ನಾ ಉಟ್ಟ ಈ ಸೀರಿ, ನಿಮ್ಮದಾ? ಹೌದಂತ ತಲಿ ಹಾಕ್ತೀರಿ... ಹೂಂ.

ಇದನ್ನ ಲಿಲಾವದಾಗ ಕೂಗಿ ಹಿಡದೀನ್ರಿ. ದಸರಾ ಮುಗದ ಮ್ಯಾಲ ಗುಡಿ ಮುಂದ ದೇವಿ ಸೀರಿ ಲಿಲಾವ ಆಗತಾವಲ್ಲ, ಅಲ್ಲೆ. ಇಲ್ಲಿ ಗುಡ್ಯಾಗ ಹಿಡದ್ರ ಗುರುತಿನವ್ರು ನೋಡತಾರ ಅಂತ ಅಷ್ಟ ದೂರ ಕುರನೂರಕ್ಕ ಹೋದೆ. ನಾಕೂವರಿ ರೂಪಾಯಿ ಕೊಟ್ಟೀನಿ. ಛಾಪಾ ನಾನಽ ಹಚ್ಚೀನಿ. ನಮ್ಮ ದುಕಾನದ ಹಳೀ ಡಬ್ಬ್ಯಾಗ ನವಿಲಿನ ಕಾಗದ ಉಳದಿದ್ವು, ಹಿಟ್ಟ ಕುದಿಸಿ ಅಂಟಿಸೀನಿ. ದೇವಿ ಸೀರಿ ಉಟ್ರ ಪಾಪಿಲ್ಲ, ಪ್ರಸಾದ ಅದು. ಆದ್ರ ದೇವಿ ಕೊಟ್ಟದ್ದಂತ ಹೇಳಕೊಳ್ಳಾಕ ನಾಚಿಕಿ ಬಂತು, ಮುಂಬೈ ದುಕಾನದ್ದಂತ ಸುಳ್ಳ ಹೇಳಾಕ ನಾಚಿಕಿ ಬರಲಿಲ್ಲ. ಕಸ್ತೂರಬಾಯಿ ಛಾಪಾ ನೋಡಿದ್ಲು, ಬಾಯಿ ಮುಚ್ಚಕೊಂಡ್ಲು. ಆ ಒಂದ ದಿವಸ ನನಗ ಎಷ್ಟ ಸಮಾಧಾನ ಆತು ಅಂತ ನಿಮಗ ಹೆಂಗ ಹೇಳ್ಲಿ.

ಏನ ಹರಕಿ ಹೊತ್ತಿದ್ರಿ? ದ್ರೌಪದಿಗಿ ಚಲೋ ಮನಿ ಸಿಗಲಿ ಅಂತಾ?... ಹಂಗಽ ಇರಬೇಕು. ಬ್ಯಾರೆ ಏನ ಬೇಡತಾರ ಹೆಣ್ಣ ಹಡದವ್ರು.

ಎದ್ರಿ ಯಾಕ? ಕುಂದರ್ರಿ. ಗಾಡ್ಯಾವ ಎತ್ತಿಗಿ ನೀರ ಕುಡಸಾಕ ಹೋಗ್ಯಾನ. ಹಂಗ ನೋಡಬ್ಯಾಡ್ರಿ ನನ್ನ. ನಾ ಒಬ್ಬಾಕಿನಽ ತುದಿ ನೋಡಿದಾಕಿ ಅಂತ ತಿಳದೀರೇನು? ನೀವೇನ ಬಿಚ್ಚಿ ನೋಡಿ ಬಂದ್ರಿ? ಸೊಲ್ಲಾಪುರ ಪ್ಯಾಟ್ಯಾಗ ದುಕಾನ, ದುಕಾನದ ಮ್ಯಾಲ ನಮ್ಮ ಮನಿಯವ್ರ ಹೆಸರಿನ ಬೋರ್ಡ. ಅದನ್ನ ನೋಡಿ ಹೆಣ್ಣ ಕೊಡತೀವಿ ಅಂದ್ರಿ. ಬೋರಾಮಣಿಯೊಳಗ ಉಣ್ಣಾಕ ತಿನ್ನಾಕ ಇದ್ದ ಮನಿ ಇರಲಿಲ್ಲೇನು, ಹೊಲಾ ಇದ್ದ ಹುಡುಗೂರು ಇರಲಿಲ್ಲೇನು? ಇದ್ರು. ಅವ್ರಿಗಿ ಛಾಪಾ ಇರಲಿಲ್ಲ. ನಿಮಗೂ ಸಾವುಕಾರ ಬೀಗರು ಅಂತ ನಾಕ ಮಂದ್ಯಾಗ ಹೇಳಕೋಬೇಕಿತ್ತು. ಸುಳ್ಳ ಅನ್ರಿ ನೋಡೂಣು.

ಆ ದುಕಾನದ ಬಾಗಲಾ ಕಡಿ ಯಾಕ ನೋಡಾಕತ್ತೀರಿ?... ಸಾಕರಪುಡಾದ ದಿವಸ ನಿಮ್ಮ ಮನಿಯವ್ರು ಕೇಳಿದ್ರು, ದುಕಾನ ಯಾಕ ಮುಚ್ಚೇದ ಅಂತ. ಒಳಗ ಸುಣ್ಣಾ ಹಚ್ಚಾಕತ್ತಾರ ಅಂತ ನಾನಽ ಹೇಳಿದ್ದೆ. ನಿಮಗ ನೆನಪದ. ಸುಣ್ಣಾ ಹಚ್ಚಾಕತ್ತಿರಲಿಲ್ಲ.

ನಮ್ಮ ಮನಿಯವ್ರು ವಿಲಾಯತಿ ಮಾಲು ತುಂಬಿಟ್ಟಿದ್ರು. ವಿಲಾಯತಿ ಉಡಬ್ಯಾಡ್ರಿ ಅಂತ ಎಲ್ಲಾ ಕಡಿ ಗದ್ದಲ ಆತಲ್ಲ, ಆವಾಗ ಮಾಲು ಕುಂತುಬಿಡ್ತು. ಹ್ವಾದ ವರ್ಷ ಕಸ್ತೂರಬಾಯಿ ಮಗನ ಮದಿವಿ ಆದ ಮ್ಯಾಲ ಬಾಗಲಾ ಹಾಕಿದ್ವಿ, ಇನ್ನೂ ತಗದಿಲ್ಲ. ಬೋರ್ಡ ಅಷ್ಟಽ ಉಳಸೀವಿ, ಕಲ್ಯಾಣಪ್ಪನ ಲಗ್ನ ಆಗೂತನ ಇರ್ಲಿ ಅಂತ. ಅಂವ ದುಕಾನದಾಗ ಕುಂದ್ರೂದಿಲ್ಲ. ಮುಂಜಾನಿ ಬಟ್ಟಿ ಗಿರಣಿ ಭೋಂಗಾ ಕೂಗಿತಂದ್ರ ರೊಟ್ಟಿ ಕಟಗೊಂಡ ಗಿರಣಿಗಿ ಹೋಗತಾನ. ಸಾಂಚೇ ಮಗ್ಗದ ಸಪ್ಪಳಕ್ಕ ಕಿವಿ ಮಂದ ಆಗ್ಯಾವ, ಈಗೀಗ ಕೂಗಿ ಮಾತಾಡತಾನ. ತಂದ ಪಗಾರ ನನ್ನ ಕೈಯಾಗ ಇಡತಾನ. ಅಂವಗ ಈ ಸುಳ್ಳ ಯಾವದೂ ಗೊತ್ತಿಲ್ಲ. ಹುಡುಗಿ ಕಡಿಯವ್ರಿಗಿ ಎಲ್ಲಾ ಹೇಳೀನಿ ಅಂತ ಅಂವಗೂ ನಾನಽ ಹೇಳೀನಿ.

ನನ್ನ ಮಗ ಖರೇ ಅದಾನ್ರಿ ಸೋನಾಬಾಯಾರ. ಅಂವನ ಮ್ಯಾಲ ನಾ ಹಚ್ಚಿದ್ದಷ್ಟಽ ಸುಳ್ಳ.

ಸೀರಿ ಮಡಿಚಾಕತ್ತೀರಿ... ಮಡಿಚ್ರಿ. ನನಗ ಕೊಡಾಕೋ, ತಿರಗಿ ಒಯ್ಯಾಕೋ, ಒಂದ ಮಾತ ಹೇಳ್ರಿ. ಛಾಪಾ ಬ್ಯಾಡ ನನಗ. ಹೇಳ್ರಿ, ಸಾಂಜಿಕ ಅಂವ ಬರತಾನ, ಅಂವಗ ಏನಂತ ಹೇಳ್ಲಿ?