ತುಂಬಿದ ಉಗ್ರಾಣ, ಹಸಿದ ಸೊಸೆ

ತಾಯಂದಿರೇ, ಅಣ್ಣಂದಿರೇ, ಹಿಂದೆ ಕಂಬಕ್ಕೆ ಒರಗಿ ಕುಳಿತ ಹಿರಿಯರೇ, ನಿನ್ನೆಯ ಪ್ರವಚನದಲ್ಲಿ ನಾವು ಆಸೆಯ ಮಾತು ಆಡಿದೆವು. ಮುಗಿದ ಮೇಲೆ ಒಬ್ಬ ತಾಯಿ ನನ್ನ ಹತ್ತಿರ ಬಂದಳು. "ಅಕ್ಕಾರ, ಆಸಿ ಅಂದ್ರ ಬಂಗಾರದ್ದು, ಹೊಲದ್ದು. ಬ್ಯಾಳಿ ಬೆಲ್ಲಾ ತಂದಿಡೂದೂ ಆಸಿ ಏನ್ರಿ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ನೇರವಾಗಿ ಹೇಳಿದರೆ ನೀವು ಜಗಳಕ್ಕೆ ಬರುತ್ತೀರಿ, ಅದಕ್ಕೆ ಕಥೆಯಲ್ಲಿ ಹೇಳುತ್ತೇನೆ.

ಒಂದು ಊರು ಅಂದುಕೊಳ್ಳಿ. ಊರು ಅಂದ ಮೇಲೆ ಒಬ್ಬ ಸಾಹುಕಾರ ಇರಲೇಬೇಕಲ್ಲ, ಇದ್ದ. ಹೆಸರು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಆ ಹೆಸರಿನವರು ಇಲ್ಲೇ ಎಲ್ಲೋ ಕುಳಿತಿರುತ್ತಾರೆ, ನಾಳೆಯಿಂದ ಪ್ರವಚನಕ್ಕೆ ಬರುವುದನ್ನೇ ಬಿಡುತ್ತಾರೆ.

ಆ ಸಾಹುಕಾರ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಯಾರ ಮನೆ ಮುರಿದವನೂ ಅಲ್ಲ. ಅವನಿಗೆ ಇದ್ದದ್ದು ಒಂದೇ ಹೆಮ್ಮೆ, ಉಗ್ರಾಣ. ಮನೆಯ ಹಿಂದಿನ ದೊಡ್ಡ ಕೋಣೆಯಲ್ಲಿ ಜೋಳದ ಚೀಲ ಸಾಲು ಸಾಲು. ತೊಗರಿಬೇಳೆ, ಹೆಸರುಕಾಳು, ಕಡಲೆ, ಶೇಂಗಾ, ಅಗಸಿ, ಗುರೆಳ್ಳು, ಬೆಲ್ಲದ ಪೆಂಟೆ, ಹುಣಸೆಹಣ್ಣಿನ ಗಡಿಗೆ. ಮನೆಗೆ ಬೀಗರು ಬಂದರೆ ಬೇರೆಯವರು ನೀರು ಕೊಡುತ್ತಾರೆ, ಚಹಾ ಕೊಡುತ್ತಾರೆ. ಇವನು ಮೊದಲು ಉಗ್ರಾಣ ತೋರಿಸುತ್ತಿದ್ದ. "ನಮ್ಮ ಮನ್ಯಾಗ ಏನ ಕಮ್ಮಿ ಐತಿ, ನೋಡ್ರಿ!" ಎನ್ನುತ್ತಿದ್ದ. ಬೀಗರು ನೋಡುತ್ತಿದ್ದರು. ಚಹಾ ಆರಿ ಹೋಗುತ್ತಿತ್ತು.

ಆ ಮನೆಗೊಂದು ಕಟ್ಟಳೆ ಇತ್ತು. ಏನು ಕಟ್ಟಳೆ? ಹಳೆಯದು ಮೊದಲು ತೀರಬೇಕು, ಹೊಸದನ್ನು ಆಮೇಲೆ ಮುಟ್ಟಬೇಕು. ನೀವೆಲ್ಲ ತಲೆ ಅಲ್ಲಾಡಿಸುತ್ತಿದ್ದೀರಿ, ಸರಿಯಾಗಿಯೇ ಇದೆಯಲ್ಲ ಎಂದು. ಸರಿಯೇ! ನಮ್ಮ ತಾಯಿ ನಮಗೂ ಅದನ್ನೇ ಕಲಿಸಿದಳು. ಆದರೆ ನೋಡಿ, ಪ್ರತಿ ಸುಗ್ಗಿಗೆ ಉಗ್ರಾಣಕ್ಕೆ ಹತ್ತು ಚೀಲ ಜೋಳ ಬರುತ್ತಿತ್ತು, ಮನೆ ಉಣ್ಣುತ್ತಿದ್ದದ್ದು ಐದು ಚೀಲ. ಉಳಿದ ಐದು ಹಳೆಯದಾಯಿತು. ಮರುವರ್ಷ ಆ ಹಳೆಯ ಐದನ್ನು ಉಂಡರು, ಹೊಸ ಹತ್ತು ಹಿಂದಿನ ಸಾಲಿಗೆ ಹೋಯಿತು. ಅದು ಎದುರಿನ ಸಾಲಿಗೆ ಬರುವ ಹೊತ್ತಿಗೆ ಅದೂ ಹಳೆಯದು. ಹೀಗೆ ನಡೆದೂ ನಡೆದೂ ಏನಾಯಿತು? ಊರಿಗೇ ಒಳ್ಳೆಯ ಜೋಳ ಬೆಳೆಯುವ ಹೊಲ ಯಾರದೋ, ಅವನ ಮನೆಯಲ್ಲಿ ಮಾತ್ರ ಹೊಸ ಜೋಳದ ರೊಟ್ಟಿ ಬಡಿಯುವ ಸಪ್ಪಳವೇ ಕೇಳಲಿಲ್ಲ. ನುಸಿ ಹಿಡಿದ ಜೋಳ, ಹುಳು ಬಿದ್ದ ಬೇಳೆ, ಕಮಟು ಶೇಂಗಾ. ಎಲ್ಲ ಇದ್ದೂ ದಿನಾಲೂ ಹಳಸಲು ತಿಂದವನನ್ನು ಶ್ರೀಮಂತ ಅನ್ನೋಣವೇ, ಬಡವ ಅನ್ನೋಣವೇ? ನೀವೇ ಹೇಳಿ.

ಮನೆಯವರಿಗೆ ಆ ವಾಸನೆ ರೂಢಿಯಾಗಿತ್ತು. ರೂಢಿ ಎಂಬುದು ಮೂಗನ್ನೇ ಕೊಲ್ಲುತ್ತದೆ ತಾಯಂದಿರೇ. ಆದರೆ ಸೊಸೆ ಬಂದಳಲ್ಲ, ಅವಳ ಮೂಗು ಇನ್ನೂ ಬದುಕಿತ್ತು. ಅದರ ಮೇಲೆ ಅವಳು ನಾಲ್ಕು ತಿಂಗಳ ಬಸುರಿಯಾದಳು. ಬಸುರಿಯ ಮೂಗಿನ ಸುದ್ದಿ ನಿಮಗೆ ನಾನು ಹೇಳಬೇಕೇ? ತಟ್ಟೆಯಲ್ಲಿ ರೊಟ್ಟಿ ಬಿದ್ದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋಗುತ್ತಿದ್ದಳು.

"ಯಾಕವ್ವಾ, ಉಣ್ಣವಲ್ಲಿ?" ಎಂದು ಅತ್ತೆ ಕೇಳಿದಳು.

"ಅತ್ತಿ, ಹಿಟ್ಟು ಮುಗ್ಗು ನಾರತೈತ್ರಿ. ಒಂದೀಟು ಹೊಸ ಜ್ವಾಳ ತಗೀಲೇನ್ರಿ?"

"ಇನ್ನಾ ಮೂರ ವರ್ಷದ ಹಿಂದಿಂದು ಎರಡ ಚೀಲ ಅದಾವು. ಅವು ತೀರ್ಲಿ ತಡಿ."

ಅವು ಯಾವಾಗ ತೀರಬೇಕು? ಹೊಟ್ಟೆಯಲ್ಲಿರುವ ಕೂಸು ಚೀಲ ತೀರುವ ತನಕ ಕಾಯುತ್ತದೆಯೇ?

ತಾಲೂಕಿನ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದಳು: "ರಕ್ತ ಕಡಿಮೆ ಇದೆ. ಇವಳು ಸರಿಯಾಗಿ ಊಟ ಮಾಡುತ್ತಿಲ್ಲ, ಮಗು ಬೆಳೆಯುತ್ತಿಲ್ಲ. ಹೀಗೇ ಬಿಟ್ಟರೆ ಇಬ್ಬರಿಗೂ ಕಷ್ಟ." ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. "ಊಟ ಇಲ್ಲಂದ್ರ? ನಮ್ಮ ಮನ್ಯಾಗ?" ಎಂದು ಗುಡುಗಿದ. ಅಲ್ಲಿಂದ ನೇರ ಪೇಟೆಗೆ ಹೋದ. ಬಾದಾಮಿ ತಂದ, ಅಂಜೂರ ತಂದ, ಉತ್ತತ್ತಿ ತಂದ, ತುಪ್ಪ ತಂದ. ಒಂದು ಬಸುರಿಗೆ ಬೇಕಾದಷ್ಟಲ್ಲ, ಹತ್ತು ಬಸುರಿಯರಿಗೆ ಸಾಕಾಗುವಷ್ಟು. ತಂದು ಎಲ್ಲಿಟ್ಟ? ಉಗ್ರಾಣದಲ್ಲಿ! ಸೊಸೆ ಹೋಗಿ ಕೇಳಿದರೆ ಅತ್ತೆ ಏನೆನ್ನಬೇಕು? "ಹೋದ ಶಿವರಾತ್ರಿದು ಉತ್ತತ್ತಿ ಇನ್ನಾ ಉಳದಾವು, ಮೊದಲ ಅವನ್ನ ತಿನ್ನವಾ."

ನಗಬೇಡಿ. ನಕ್ಕವರ ಮನೆಗೆ ನಾಳೆ ನಾನೇ ಬಂದು ಡಬ್ಬಿ ತೆಗೆಸಿ ನೋಡುತ್ತೇನೆ.

ಒಂದು ತಿಂಗಳಾಯಿತು, ಒಂದೂವರೆ ತಿಂಗಳಾಯಿತು. ಮತ್ತೆ ಡಾಕ್ಟರಮ್ಮನ ಹತ್ತಿರ ಹೋದರು. ಅವಳು ನೋಡಿ ನಕ್ಕಳು. "ರಕ್ತ ಏರಿದೆ, ಕೂಸೂ ಬೆಳೆದಿದೆ. ಏನು ಉಣ್ಣುತ್ತಿದ್ದಾಳೋ ಅದನ್ನೇ ಕೊಡಿ" ಎಂದಳು. ಸಾಹುಕಾರನ ಎದೆ ಉಬ್ಬಿತು. "ಬಾದಾಮಿ! ನಾ ತಂದ ಬಾದಾಮಿ!" ಎನ್ನುತ್ತ ಮನೆಗೆ ಬಂದು ಬಾದಾಮಿಯ ಡಬ್ಬಿ ತೆಗೆದ. ಅದರ ಮೊಹರೇ ಒಡೆದಿರಲಿಲ್ಲ. ತುಪ್ಪದ ಡಬ್ಬಿ ನೋಡಿದ, ಅದೂ ಹಾಗೆಯೇ ಇತ್ತು. ಹಾಗಾದರೆ ಈ ಹುಡುಗಿ ಏನು ತಿಂದು ಮೈ ತುಂಬಿಕೊಂಡಳು?

ಮರುದಿನ ಮಧ್ಯಾಹ್ನ ಹೊಲಕ್ಕೆ ಹೋದಂತೆ ಮಾಡಿ ಹಿತ್ತಲಲ್ಲಿ ನಿಂತ. ಸೊಸೆ ಹಿಂಬಾಗಿಲಿಂದ ಹೊರಬಿದ್ದಳು, ಬೇಲಿಯ ಸಂದಿಯಲ್ಲಿ ತೂರಿ ಪಕ್ಕದ ಮನೆಗೆ ಹೋದಳು. ಅದು ಯಾರ ಮನೆ? ಇವನ ಹೊಲಕ್ಕೇ ಕೂಲಿಗೆ ಬರುವ ಹೆಣ್ಣುಮಗಳ ಮನೆ. ಇವನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ. ಒಲೆಯ ಮುಂದೆ ಮಣೆಯ ಮೇಲೆ ಸೊಸೆ ಕುಳಿತಿದ್ದಾಳೆ. ಹಂಚಿನಿಂದ ಇಳಿದ ಬಿಸಿ ರೊಟ್ಟಿ, ಮೆಂತ್ಯದ ಸೊಪ್ಪು, ಹೆಸರುಕಾಳಿನ ಪಲ್ಯ, ಒಂದು ಚಿಟಿಕೆ ಅಗಸಿ ಚಟ್ನಿಪುಡಿ. ಬೆರಳು ನೆಕ್ಕಿ ಉಣ್ಣುತ್ತಿದ್ದಾಳೆ!

"ಮಾನಾ ತಗದಿ!" ಎಂದು ಸಾಹುಕಾರ ಕೂಗಿದ. "ಉಗ್ರಾಣ ತುಂಬೇತಿ, ನೀ ಕೂಲ್ಯಾರ ಮನ್ಯಾಗ ಬಂದು ಉಣ್ಣತಿ?"

ಸೊಸೆ ತುತ್ತು ಕೈಯಲ್ಲೇ ಹಿಡಿದು ಅಳತೊಡಗಿದಳು. ಆದರೆ ತುತ್ತನ್ನು ಕೆಳಗಿಡಲಿಲ್ಲ. ಅದನ್ನು ನೀವು ಗಮನಿಸಬೇಕು. ಅಳುತ್ತಲೇ ಹೇಳಿದಳು: "ಮಾವಾರ, ಬೈರಿ. ಆದ್ರ ಇಷ್ಟು ಉಂಡು ಬರ್ತೀನ್ರಿ. ನನಗಲ್ಲ, ಕೂಸಿಗಿ."

ಆ ಕೂಲಿಯ ಹೆಣ್ಣುಮಗಳು ಜಾಣೆ. ಇನ್ನೊಂದು ತಟ್ಟೆ ಇಟ್ಟಳು, ಇನ್ನೊಂದು ರೊಟ್ಟಿ ಹಾಕಿದಳು. "ಕುಂದರ್ರಿ ಸಾವುಕಾರ್ರ, ಆರಿ ಹೊಕ್ಕೈತಿ" ಎಂದಳು. ಹಸಿವೆಯೋ, ಆ ವಾಸನೆಯೋ, ಅಂತೂ ಅವನು ಕುಳಿತ. ಒಂದು ತುತ್ತು ತಿಂದ, ಎರಡನೆಯದನ್ನು ನಿಧಾನವಾಗಿ ಅಗಿದ. ಕಣ್ಣು ತೇವವಾದವು.

"ಈ ಜ್ವಾಳ ಎಲ್ಲಿಂದ ತಂದಿಯವ್ವಾ? ಇಂಥಾ ರುಚಿ ಬಾಯಿಗೆ ಹತ್ತಿ ಎಷ್ಟು ವರ್ಷಾತು."

ಅವಳು ಗಾಬರಿಯಾಗಿ ಅವನ ಮುಖ ನೋಡಿದಳು. "ಅಯ್ಯ, ನಿಮ್ಮ ಹೊಲದ್ದ ಐತಲ್ರಿ! ಸುಗ್ಗ್ಯಾಗ ಕಣದಾಗ ಕೂಲಿಕಾಳು ಅಳದು ಕೊಟ್ಟಿರಲ್ಲ, ಅದ ರಿ."

ಕೇಳಿದಿರಾ? ತನ್ನ ಹೊಲದ ಜೋಳದ ರುಚಿ ತಿಳಿಯಲು ಅವನು ತನ್ನ ಕೂಲಿಯವಳ ಮನೆಗೆ ಬರಬೇಕಾಯಿತು! ಅವಳಿಗೆ ಕಣದಲ್ಲೇ ಹೊಸ ಕಾಳು ಸಿಕ್ಕಿತ್ತು, ಅವಳ ಮನೆಯಲ್ಲಿ ಹಿಂದಿನ ಸಾಲು ಎಂಬುದೇ ಇರಲಿಲ್ಲ. ಅವನು ಅತ್ತಿತ್ತ ನೋಡಿದ. ಬೇವಿನ ಎಲೆ ಹಾಕಿ ಬಾಯಿ ಕಟ್ಟಿದ ಒಂದು ಚೀಲ, ಗೋಡೆಗೆ ಐದು ಸಣ್ಣ ಗಡಿಗೆ, ಅಷ್ಟೇ ಇದ್ದವು.

"ಇಷ್ಟರಾಗ ಹೆಂಗ ಸಾಗಸ್ತಿಯವಾ?" ಎಂದು ಕೇಳಿದ. ಈಗ ಅವನ ದನಿಯಲ್ಲಿ ಹೆಮ್ಮೆ ಇರಲಿಲ್ಲ.

"ನಾಕು ಬಾಯಿ ಅದಾವ್ರಿ. ವಾರಕ್ಕ ಜ್ವಾಳ ಎಷ್ಟು, ಬ್ಯಾಳಿ ಎಷ್ಟು ಅಂತ ಕೈಗೆ ಗೊತ್ತೈತಿ. ಜ್ವಾಳ ಮುಂದಿನ ಸುಗ್ಗಿಗೆ ಸರೀ ತೀರತೈತಿ. ಬ್ಯಾಳಿ, ಕಾಳು ಸಂತ್ಯಾಗ ತರ್ತೀನಿ. ಸಂತಿಗೆ ಹೋಗೂ ಮುಂದ ಗಡಗಿ ಮುಚ್ಚಳ ತಗದು ನೋಡಿ ಹೊಕ್ಕೀನ್ರಿ. ನೋಡದ ಹ್ವಾದ್ರ ಕಣ್ಣಿಗೆ ಕಂಡದ್ದೆಲ್ಲಾ ಬೇಕನಸತೈತಿ."

ಸಾಹುಕಾರ ಮನೆಗೆ ಬಂದು ಹೆಂಡತಿಯನ್ನು ಕೇಳಿದ, "ನಮ್ಮ ಮನಿಗೆ ತಿಂಗಳಿಗೆ ಎಷ್ಟು ಜ್ವಾಳ ಬೇಕ?"

ಮೂವತ್ತು ವರ್ಷ ಆ ಉಗ್ರಾಣದ ಕೀಲಿ ಸೊಂಟಕ್ಕೆ ಕಟ್ಟಿಕೊಂಡವಳು ಏನೆಂದಳು? "ನಂಗೇನ ಗೊತ್ತ್ರಿ? ಒಮ್ಮಿಯರೆ ತೀರಿದ್ರಲ್ಲ ಗೊತ್ತಾಗೂದು!"

ಮೂರು ದಿನ ಉಗ್ರಾಣ ಖಾಲಿ ಮಾಡಿದರು. ಚೆನ್ನಾಗಿದ್ದದ್ದನ್ನು ಬಿಸಿಲಿಗೆ ಹಾಕಿ, ಕೇರಿ, ಮನೆಗೆ ಬೇಕಾದಷ್ಟು ಇಟ್ಟುಕೊಂಡರು. ಉಳಿದದ್ದನ್ನು ಅವತ್ತವತ್ತೇ ಓಣಿಗೆಲ್ಲ ಹಂಚಿದರು. ಪೂರ್ತಿ ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಹೊರುವಾಗ ಹೆಂಡತಿ ದಾರಿಗೆ ಅಡ್ಡ ನಿಂತು ಅತ್ತಳು. "ಅನ್ನಾ ತಿಪ್ಪಿಗೆ ಚೆಲ್ಲತೀರೇನ್ರಿ? ಪಾಪ ಬರೂದಿಲ್ಲೇನು?" ಸಾಹುಕಾರ ಬುಟ್ಟಿ ಇಳಿಸಿ ಹೇಳಿದ: "ಪಾಪ ಇವತ್ತು ಮಾಡಾಕತ್ತಿಲ್ಲಲೇ. ಉಣ್ಣಾಕ ಮಂದಿ ಎಷ್ಟ ಅಂತ ಎಣಸದ ತಂದಿಟ್ಟಿವಲ್ಲ, ಅವತ್ತ ಮಾಡೀವಿ."

ಸೊಸೆ ತವರಿಗೆ ಹೋಗಿ ಹೆತ್ತಳು. ಗಂಡೋ ಹೆಣ್ಣೋ ಎಂದು ಕೇಳಬೇಡಿ, ಗಟ್ಟಿಮುಟ್ಟಾದ ಕೂಸು. ಅವಳು ಐದು ತಿಂಗಳ ಬಾಣಂತಿಯಾಗಿ ಮರಳಿ ಬಂದ ದಿನ ಆ ಮನೆಯಲ್ಲಿ ಹೊಸ ಜೋಳದ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳಿತು. ಬಡಿದವಳು ಅತ್ತೆ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ಮೊದಲು ನನ್ನದನ್ನೇ ಒಪ್ಪಿಕೊಳ್ಳುತ್ತೇನೆ. ಹೋದ ಶ್ರಾವಣದಲ್ಲಿ ನೀವೆಲ್ಲ ಪ್ರಸಾದಕ್ಕೆಂದು ಭಕ್ತಿಯಿಂದ ತಂದ ರವೆಯನ್ನು "ಇರಲಿ, ಇರಲಿ" ಎಂದು ಒಳಗಿಡಿಸಿದವಳು ನಾನೇ. ದೀಪಾವಳಿಗೆ ಚೀಲ ಬಿಚ್ಚಿದರೆ ರವೆ ತಾನೇ ನಡೆದು ಬರುತ್ತಿತ್ತು! ಆವತ್ತು ನನಗೆ ನಾಚಿಕೆಯಾಯಿತು. ಯಾರೋ ತಾಯಿ ತನ್ನ ಮನೆಯದನ್ನು ಉಳಿಸಿ ತಂದುಕೊಟ್ಟದ್ದನ್ನು ನಾನು ಹುಳುವಿಗೆ ಉಣಿಸಿದೆನಲ್ಲ ಎಂದು ಬಹಳ ನೋವಾಯಿತು.

ನಿಮ್ಮ ಮನೆಯಲ್ಲಿ ಉಗ್ರಾಣ ಇಲ್ಲ, ಗೊತ್ತು. ಫ್ರಿಜ್ ಇದೆ. ಅಡುಗೆಮನೆಯ ಮೇಲಿನ ಅಟ್ಟ ಇದೆ. ಟಿವಿಯಲ್ಲಿ ಯಾರೋ ನವಣೆ ಒಳ್ಳೆಯದು ಎಂದರು, ಐದು ಕಿಲೋ ತಂದಿರಿ. ಇನ್ಯಾರೋ ಸಜ್ಜೆ ಎಂದರು, ಅದನ್ನೂ ತಂದಿರಿ. ಅಂಗಡಿಯಲ್ಲಿ ಒಂದಕ್ಕೆ ಒಂದು ಪುಕ್ಕಟೆ ಎಂದರು, ಕೈ ತಡೆಯಲಿಲ್ಲ. ನವಣೆ ಅಟ್ಟದ ಮೇಲೆ ಇದೆ, ಮಕ್ಕಳು ಕೆಳಗೆ ಕುರುಕುರು ಪ್ಯಾಕೆಟ್ ತಿನ್ನುತ್ತಿದ್ದಾರೆ. ಡಬ್ಬಿಯೊಳಗಿನ ನವಣೆ ಮೈಗೆ ಹತ್ತುತ್ತದೆಯೇ? ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಊಟ ಕೊಂಡವನಿಗೆ ಎಂದರೇ?

ಗಂಡಸರು ಆ ಕಡೆ ನೋಡಬೇಡಿ. ಸಂತೆಯಿಂದ ಮೂರು ಸಿವುಡು ಸೊಪ್ಪು ಅಗ್ಗ ಎಂದು ತಂದವರು ಯಾರು? ಎರಡು ಕೊಳೆತದ್ದು ಗೊತ್ತೇ ನಿಮಗೆ?

ಹಾಗಂತ ಖಾಲಿ ಡಬ್ಬಿ ಇಟ್ಟುಕೊಂಡು ಕೂತಿರಿ ಎಂದು ನಾನು ಹೇಳುತ್ತಿಲ್ಲ. ಬೇಳೆ ಇರಲಿ, ಕಾಳು ಇರಲಿ, ಜೋಳ ರಾಗಿ ಇರಲಿ, ಶೇಂಗಾ ಬೆಲ್ಲ ಇರಲಿ. ಅತಿಥಿ ಬಂದರೆ ಎಂದು ಎಂಟು ದಿನದ್ದು ಹೆಚ್ಚಿಗೂ ಇರಲಿ. ಆದರೆ ನಿಮ್ಮ ಮನೆ ತಿಂಗಳಿಗೆ ಎಷ್ಟು ಬೇಳೆ ಉಣ್ಣುತ್ತದೆ, ಹೇಳಿ ನೋಡೋಣ. ಕೈ ಎತ್ತಿ. ಒಬ್ಬರು, ಇಬ್ಬರು... ಇಷ್ಟೇ ಜನವೇ? ಸಾಹುಕಾರನ ಹೆಂಡತಿಯನ್ನು ನೋಡಿ ನಕ್ಕವರು ಎಲ್ಲಿ ಹೋದಿರಿ?

ನಾಳೆ ಬೆಳಿಗ್ಗೆ ಹೀಗೆ ಮಾಡಿ. ಎಲ್ಲಕ್ಕಿಂತ ಹಿಂದಿರುವ ಡಬ್ಬಿಯನ್ನು ಮುಂದೆ ತನ್ನಿ. ಚೆನ್ನಾಗಿದ್ದರೆ ನಾಳೆಯೇ ಅದರ ಅಡುಗೆ ಮಾಡಿ. ನಿಮಗೆ ಹೆಚ್ಚಾಗಿದ್ದರೆ ಚೆನ್ನಾಗಿರುವಾಗಲೇ ಪಕ್ಕದ ಮನೆಗೆ ಕೊಡಿ. ಹುಳು ಬಿದ್ದ ಮೇಲೆ ಕೊಟ್ಟರೆ ಅದು ದಾನವಲ್ಲ, ನಿಮ್ಮ ಕಸ ಅವರ ಮನೆಗೆ ಹೋಯಿತು ಅಷ್ಟೇ. ಈ ತಿಂಗಳು ಏನೇನು ಎಷ್ಟೆಷ್ಟು ತೀರಿತು ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ, ಮುಂದಿನ ತಿಂಗಳು ಅಷ್ಟೇ ತನ್ನಿ. ಕಷ್ಟವೇನೂ ಇಲ್ಲ, ನೀವು ಮಾಡಬಲ್ಲಿರಿ. ಮಾಡುತ್ತೀರಿ ಎಂಬ ನಂಬಿಕೆ ನನಗಿದೆ.

ಮತ್ತೆ ಇವತ್ತು ಊಟಕ್ಕೆ ಕುಳಿತಾಗ ಡಬ್ಬಿ ನೋಡಬೇಡಿ, ತಟ್ಟೆ ನೋಡಿ. ನಿಮ್ಮ ಮನೆಯಲ್ಲಿ ಅರ್ಧ ಉಂಡು ಸುಮ್ಮನೆ ಏಳುವವರು ಒಬ್ಬರು ಇದ್ದೇ ಇರುತ್ತಾರೆ. ಮಗು ಇರಬಹುದು, ಸೊಸೆ ಇರಬಹುದು, ಹಲ್ಲು ಬಿದ್ದ ಅಜ್ಜ ಇರಬಹುದು. ಬಾಯಿ ರುಚಿ ಹೆಚ್ಚಾಗಿದೆ ಎಂದು ಅವರನ್ನು ಬೈಯುವ ಮೊದಲು, ಅವರ ತಟ್ಟೆಯಿಂದ ಒಂದು ತುತ್ತು ತೆಗೆದು ನೀವು ಬಾಯಿಗೆ ಹಾಕಿಕೊಳ್ಳಿ.